ಇಮಾನ ಎಳೆಯುವ ಬಿಟ್ಟಿ

ವಿಮಾನ, ಊರವರ ಬಾಯಲ್ಲಿ ಇಮಾನ, ಬರುವ ದಿನ ಪಾಟೀಲನ ವಾಡೆಯ ಕಿಟಕಿಗಳು ಮುಚ್ಚುತ್ತಿದ್ದವು. ಬಾವಿಗೆ ತಾಡಪತ್ರಿ ಹೊದಿಸುತ್ತಿದ್ದರು. ಎಮ್ಮೆಗಳನ್ನು ಒಳಗೆ ಕಟ್ಟುತ್ತಿದ್ದರು. ಕುರಿಗಳನ್ನು ಶೇಗಾಂವದ ಕಡೆಗೆ ಹೊಡೆದುಕೊಂಡು ಹೋಗಿರೆಂದು ಕುರುಬರಿಗೆ ಹಿಂದಿನ ದಿನವೇ ಡಂಗುರ ಸಾರಿಸುತ್ತಿದ್ದರು. ಡಂಗುರ ಸಾರುತ್ತಿದ್ದವನು ಹೊಲಗೇರಿಯ ಶಿದ್ರಾಯ. ಊರಿನ ಎಮ್ಮೆಗೂ ಕುರಿಗೂ ಎಚ್ಚರಿಕೆ ಕೊಟ್ಟು, ಮರುದಿನ ಬೆಳಿಗ್ಗೆ ಬಿಳಿ ನಿಶಾನೆ ಹಿಡಿದು ಅದೇ ಇಮಾನದ ಕೆಳಗೆ ನಿಲ್ಲುತ್ತಿದ್ದವನೂ ಅವನೇ. ಅವನಿಗೆ ಎಚ್ಚರಿಕೆ ಹೇಳುವವರು ಯಾರೂ ಇರಲಿಲ್ಲ.

ಜತ್ತದ ಸೀಮೆಯಲ್ಲಿ, ಯಳವಿಯ ಈಚೆಗಿದ್ದ ಆ ಹಳ್ಳಿಯಲ್ಲಿ ಗೊಲ್ಲಾಳಪ್ಪ ಪಾಟೀಲನದು ಕಣ್ಣು ಹಾಯುವಷ್ಟು ಎರೆಹೊಲ. ಅರವತ್ತೆಂಟರ ಆ ವರ್ಷ ಅದರ ತುಂಬ ಹತ್ತಿ ಹಾಕಿದ್ದ. ಕಾಯಿಗೆ ಹುಳ ಬಿತ್ತು. ಶೇತಕಿ ಸಾಹೇಬ, ಅಂದರೆ ಒಕ್ಕಲುತನದ ಅಧಿಕಾರಿ, ಪಾಟೀಲನ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಇಮಾನದಿಂದ ಎಣ್ಣೆ ಹೊಡೆಸಿದರೆ ಹುಳದ ವಂಶ ಉಳಿಯುವುದಿಲ್ಲ ಎಂದ. ಎಣ್ಣೆ ಎಂದರೆ ಎಂಡ್ರಿನ್ ಎಂಬ ವಿಷ. ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತಿತ್ತು. ನಾತ ಮಾತ್ರ ಸೀಮೆಎಣ್ಣೆಯದು.

ದನ ಮೇಯುವ ಗಾಯರಾಣದಲ್ಲಿ ಕಲ್ಲು ಆರಿಸಿ, ಜಾಲಿಕಂಟಿ ಕಡಿದು, ಕಲ್ಲಿನ ಗುಂಡು ಎಳೆದು ಇಮಾನ ಇಳಿಯುವ ಜಾಗ ಮಾಡಿದವರು ಹೊಲಗೇರಿಯವರು. ಕೂಲಿ ಇಲ್ಲ. ಊರ ಕೆಲಸ ಎಂದರು. ಊರ ಕೆಲಸವೆಂದರೆ ಕೇರಿಯ ಬಿಟ್ಟಿ. ಬಿಟ್ಟಿ ಕಾಯದೆಯಲ್ಲಿ ಯಾವತ್ತೋ ಸತ್ತುಹೋಗಿತ್ತಂತೆ. ಅದರ ಹೆಣ ಆ ಊರಿಗೆ ಬಂದಿರಲಿಲ್ಲ.

ಹೊಲದ ಒಂದು ತುದಿಗೆ ಶಿದ್ರಾಯ, ಇನ್ನೊಂದು ತುದಿಗೆ ಅವನ ಹೆಂಡತಿ ರುಕ್ಮವ್ವ. ಇಬ್ಬರ ಕೈಯಲ್ಲೂ ಬಿದಿರುಗಳಕ್ಕೆ ಕಟ್ಟಿದ ಬಿಳಿ ಬಟ್ಟೆ. ಇಮಾನ ಆ ಬಟ್ಟೆಯನ್ನು ನೋಡಿಕೊಂಡು ಬರುತ್ತದೆ. ಹತ್ತಿಯ ನೆತ್ತಿ ಸವರಿಕೊಂಡು ಬಂದು, ತಲೆಯ ಮೇಲೆ ಹಾದು, ಮೇಲಕ್ಕೇಳುತ್ತದೆ. ಹಾದು ಹೋಗುವವರೆಗೆ ಅಲ್ಲಾಡಬಾರದು. ಮೊದಲೇ ಸರಿದರೆ ಸಾಲು ತಪ್ಪುತ್ತದೆ. ಸಾಲು ತಪ್ಪಿದರೆ ಪಾಟೀಲನ ಬಾರುಕೋಲು ಬೀಳುತ್ತದೆ. ಮೊದಲ ದಿನ ಶಿದ್ರಾಯನಿಗೆ ಬಿದ್ದಿತ್ತು. ಆಮೇಲೆ ಅವನು ಕಲ್ಲುಗಂಬದಂತೆ ನಿಲ್ಲುವುದನ್ನು ಕಲಿತ.

ಎಣ್ಣೆಯ ತುಂತುರು ಕೂದಲಿಗೆ, ರೆಪ್ಪೆಗೆ, ತುಟಿಗೆ ಬೀಳುತ್ತಿತ್ತು. ಮನೆಗೆ ಬಂದು ಬೂದಿ ಹಚ್ಚಿ ಕೈ ತಿಕ್ಕಿದರೂ ರುಕ್ಮವ್ವ ಬಡಿದ ರೊಟ್ಟಿ ನಾರುತ್ತಿತ್ತು. ಶಿದ್ರಾಯ ಉಂಡದ್ದನ್ನು ಹಿತ್ತಲಲ್ಲಿ ಕಾರಿ ಬರುತ್ತಿದ್ದ. ಬಾಯಿ ಒರೆಸಿಕೊಂಡು, "ಏನೂ ಆಗಿಲ್ಲ ಬಿಡ," ಎನ್ನುತ್ತಿದ್ದ. ಒಂದು ಸಂಜೆ ಅವನಿಗೆ ಬುಟ್ಟಿಯಲ್ಲಿದ್ದ ರೊಟ್ಟಿ ಕಾಣಲಿಲ್ಲ. ಕಣ್ಣು ತೆರೆದೇ ಇತ್ತು, ಕೈಯಿಂದ ತಡವರಿಸುತ್ತಿದ್ದ.

ಮರುದಿನ ರುಕ್ಮವ್ವ ಪಾಟೀಲನ ವಾಡೆಯ ಅಂಗಳದಲ್ಲಿ ದೂರ ನಿಂತು ಕೇಳಿದಳು.

"ಎಪ್ಪಾ, ಕಣ್ಣ ಭಾಳ ಉರೀತಾವ್ರಿ. ಅಂವಗ ಸಂಜಿ ಆದ್ರ ಕಾಣವಲ್ದು. ತಲಿ ಮ್ಯಾಲ ಹೊಚ್ಚಗೊಳ್ಳಾಕ ಒಂದು ಹಳೀ ತಾಡಪತ್ರಿ ಇದ್ರ ಕೊಡ್ರಿ."

"ತಾಡಪತ್ರಿ ಬಾವಿಗಿ ಬೇಕು," ಎಂದ ಪಾಟೀಲ. "ನಿಮ್ಮ ತೊಗಲ ದಪ್ಪ ಐತಿ. ಏನೂ ಆಗಂಗಿಲ್ಲ, ಹೋಗ."

ಪಕ್ಕದಲ್ಲಿ ಕೂತಿದ್ದ ಶೇತಕಿ ಸಾಹೇಬ ನಕ್ಕ. ನಗುವಾಗ ಅವನ ಬಾಯಿಯಲ್ಲಿ ಅವಲಕ್ಕಿ ಕಾಣುತ್ತಿತ್ತು.

ಮೊದಲ ವಾರವೇ ಇಮಾನ ಕೆಮ್ಮತೊಡಗಿತ್ತು. ಒಂದು ಬೆಳಿಗ್ಗೆ ಮೇಲೆದ್ದದ್ದು ಗಾಯರಾಣ ದಾಟುವ ಮೊದಲೇ ಗುರುಗುಟ್ಟಿ, ಕಪ್ಪು ಹೊಗೆ ಉಗುಳಿ, ಹಳ್ಳದ ದಂಡೆಗೆ ಬಂದು ಕೂತಿತು. ಚಕ್ರ ಕೆಸರಿನಲ್ಲಿ ಹೂತಿತು. ಪೈಲಟ ಪುಣೆಯ ಕಡೆಯ ಹುಡುಗ, ಮೀಸೆ ಈಗಷ್ಟೇ ಕತ್ತರಿಸಲು ಕಲಿತವನಂತಿದ್ದ. ಇಳಿದು ಸಿಗರೇಟು ಹಚ್ಚಿದ. ಪಾಟೀಲ ಕೇರಿಗೆ ಹೇಳಿ ಕಳಿಸಿದ. ಕೇರಿಯ ಗಂಡಸರು ಪುಂಡಿನಾರಿನ ತಮ್ಮ ಹಗ್ಗ ಹೊತ್ತುಕೊಂಡು ಬಂದು ಅದನ್ನು ಎಳೆದು ಮೇಲೆ ತಂದರು. ಊರಿನಲ್ಲಿ ದನ ಸತ್ತರೆ ಎಳೆಯುವುದೂ ಅದೇ ಹಗ್ಗದಿಂದ. ಹೆಗಲ ತೊಗಲು ಸುಲಿಯಿತು. ಇಮಾನದ ಜೊತೆ ಬಂದಿದ್ದ ಮಿಸ್ತ್ರಿ ಇಂಜಿನು ಬಿಚ್ಚಿ, ಇದನ್ನು ಪುಣೆಗೆ ಒಯ್ಯದೆ ಹಾರಿಸುವುದು ಬೇಡ ಎಂದ. ಅಷ್ಟರಲ್ಲಿ ಹುಳ ಹತ್ತಿ ತಿಂದು ಮುಗಿಸುತ್ತದೆ ಎಂದ ಪಾಟೀಲ. ಇನ್ನು ಸ್ವಲ್ಪವೇ ಉಳಿದಿದೆ, ಮುಗಿಸಿಬಿಡಿ ಎಂದ ಸಾಹೇಬ. ಪೈಲಟ ಹೆಗಲು ಕುಣಿಸಿದ. ಕೆಳಗೆ ನಿಲ್ಲುವವರನ್ನು ಯಾರೂ ಕೇಳಲಿಲ್ಲ.

ಮತ್ತೆ ಹಾರಿಸಿದ ದಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ರುಕ್ಮವ್ವನ ತುದಿಯಿಂದ ಹೊರಟ ಇಮಾನ ಶಿದ್ರಾಯನ ಕಡೆಗೆ ಹೋಗುತ್ತಿತ್ತು. ಅರ್ಧ ಹೊಲದಲ್ಲಿ ಸದ್ದು ಕಡಿಯಿತು. ಮತ್ತೆ ಹಿಡಿಯಿತು. ಮತ್ತೆ ಕಡಿಯಿತು. ಪಂಖ ತಿರುಗುವುದು ಕಣ್ಣಿಗೆ ಕಾಣತೊಡಗಿತು. ಇಮಾನ ಇನ್ನೂ ಕೆಳಗಿಳಿಯಿತು. ದೂರದಲ್ಲಿ ಶಿದ್ರಾಯ ನಿಶಾನೆ ಎತ್ತಿ ಹಿಡಿದು ನಿಂತೇ ಇದ್ದ.

"ಸರೀ, ಸರೀ," ಎಂದು ರುಕ್ಮವ್ವ ಕೂಗಿದಳು. ಅಷ್ಟು ದೂರ ಕೇಳುವ ಕೂಗು ಯಾರ ಗಂಟಲಲ್ಲೂ ಇಲ್ಲ.

ಇಮಾನದ ಹೊಟ್ಟೆ ಬಿಚ್ಚಿಕೊಂಡಿತು. ಟಾಕಿಯಲ್ಲಿದ್ದ ಎಣ್ಣೆಯೆಲ್ಲ ಒಂದೇ ಸಲಕ್ಕೆ, ಬಿಳಿಯ ಗೋಡೆಯೊಂದು ಕುಸಿದಂತೆ, ಕೆಳಗೆ ಬಿತ್ತು. ಭಾರ ಕಳಚಿಕೊಂಡ ಇಮಾನ ಶಿದ್ರಾಯನ ತಲೆಯ ಮೇಲಿಂದ ಹಾರಿ, ಒಡ್ಡು ದಾಟಿ, ಆಚೆಯ ಪಾಳು ಹೊಲದಲ್ಲಿ ಮೂಗು ಊರಿ ಬಾಲ ಎತ್ತಿ ನಿಂತಿತು.

ರುಕ್ಮವ್ವ ಹತ್ತಿಯ ನಡುವೆ ಓಡಿದಳು. ಗಿಡಗಳು ಮೊಣಕಾಲು ಗೀರಿದವು. ಬದುವಿನ ಮೇಲಿಂದ ಜನ ಓಡುತ್ತಿದ್ದರು. ಪಾಟೀಲ, ಅವನ ಮಕ್ಕಳು, ಸಾಹೇಬ, ಆಳುಗಳು. ಎಲ್ಲರೂ ಶಿದ್ರಾಯನನ್ನು ದಾಟಿ ಓಡಿದರು. ಎಣ್ಣೆ ಬಿದ್ದ ಜಾಗ ಬಂದಾಗ ಧೋತರ ಎತ್ತಿ ಹಿಡಿದು ಸುತ್ತಿ ಹೋದರು.

ಅವನು ಇನ್ನೂ ನಿಂತಿದ್ದ. ಹಾಲು ಸುರಿದ ಕಲ್ಲಿನಂತೆ ಬೆಳ್ಳಗೆ. ಕೂದಲಿನಿಂದ, ಮೂಗಿನ ತುದಿಯಿಂದ, ನಿಶಾನೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳ ಕೈ ತಾಗಿದಾಗ ಕೇಳಿದ:

"ದಾಟ್ತೇನ? ಸರೀಲೇನ ಈಗ?"

ಅವಳು ಗಳವನ್ನು ಕಿತ್ತು ಎಸೆದಳು. ಅವನ ಬಾಯಿಯಲ್ಲಿದ್ದದ್ದನ್ನು ಬೆರಳು ಹಾಕಿ ತೆಗೆದಳು. ಸೆರಗಿನಿಂದ ಮುಖ ಒರೆಸಿದಳು. ಅಂಗಿ ಹರಿದು ತೆಗೆದಳು. ಮಣ್ಣು ಬಾಚಿ ಬಾಚಿ ಮೈಗೆ ತಿಕ್ಕಿದಳು. ಅವಳ ಅಂಗೈ ಉರಿಯತೊಡಗಿತು. ಪಾಟೀಲನ ಆಳು ಅಮಸಿದ್ದ ತಲೆಯ ಮೇಲೆ ನೀರಿನ ಕೊಡ ಹೊತ್ತು ಆ ದಾರಿಯಲ್ಲೇ ಓಡಿ ಬಂದ.

"ಅಮಸಿದ್ದಣ್ಣಾ, ಆ ಕೊಡಾ ಇಂವನ ಮ್ಯಾಲ ಸುರಿ. ನಿನ್ನ ಕಾಲ ಬೀಳ್ತೀನಿ."

"ಪೈಲಟ ಸಾಹೇಬಗ ಒಯ್ಯಾಕತ್ತೀನಿ ತಂಗಿ. ಅಂವನ ಹುಬ್ಬ ಒಡದೈತಿ. ತಿರಗಿ ಬರ್ತೀನಿ, ನಿಂದರು."

ಅವನು ತಿರುಗಿ ಬರಲಿಲ್ಲ. ರುಕ್ಮವ್ವ ಬಾವಿಯ ಕಡೆ ಓಡಿದಳು. ಪಾಟೀಲನ ಹಿರಿಯ ಮಗ ತಾಡಪತ್ರಿಯ ಮೇಲೆ ಕಾಲಿಟ್ಟು ನಿಂತಿದ್ದ.

"ಮೈ ತುಂಬ ಇಷಾ ಹಚಗೊಂಡು ಬಾವಿಗಿ ಬಂದೀಯೇನ? ಅಲ್ಲೇ ನಿಂದರು."

"ನೀವs ಸೇದಿ ಸುರೀರಿ ಎಪ್ಪಾ. ನಾ ಮುಟ್ಟಂಗಿಲ್ರಿ."

"ನಿಮಗ ಸೇದಿ ಹಾಕಾಕ ನಾ ಹುಟ್ಟಿಲ್ಲ."

ಅವಳು ಬರಿಗೈಯಲ್ಲಿ ತಿರುಗಿದಳು. ಗಂಡನ ಕಂಕುಳಿಗೆ ಕೈ ಹಾಕಿ ಜಾಲಿಯ ನೆರಳಿಗೆ ಎಳೆದು ಮಲಗಿಸಿದಳು. ಅವನ ತುಟಿ ಅದುರುತ್ತಿತ್ತು. ಅಷ್ಟರಲ್ಲಿ ಪಾಳು ಹೊಲದಿಂದ ಪಾಟೀಲ ಕೂಗಿದ.

"ಏ ರುಕ್ಮೀ. ಬಾ ಇಲ್ಲಿ ಲಗೂನ."

ನೀರು ಕೊಡುತ್ತಾನೆಂದು ಅವಳು ಓಡಿದಳು. ಪೈಲಟ ಬದುವಿನ ಮೇಲೆ ಕೂತಿದ್ದ. ಯಾರೋ ಕೊಡೆ ಹಿಡಿದಿದ್ದರು. ಇನ್ಯಾರೋ ಹಾಲಿನ ಚರಿಗೆ ಹಿಡಿದಿದ್ದರು. ಹುಬ್ಬಿನ ಮೇಲೆ ಎರಡು ಬೆರಳು ಅಗಲದ ಗಾಯ. ಪಾಟೀಲ ಇಮಾನದ ಕಡೆ ಕೈ ತೋರಿಸಿದ.

"ಪೈಲಟ ಸಾಹೇಬ ಅದರಾಗ ಕಾರಿಕೊಂಡಾನ. ಅಂಜಿಕಿಗಿ ಆಗೇತಿ ಪಾಪ. ಒಳಗ ಹತ್ತಿ ಬಳದ ತಗಿ. ಮಿಸ್ತ್ರಿಗಿ ಯಂತ್ರ ನೋಡೂದೈತಿ. ನಾತಕ್ಕ ನಿಂದರಾಕ ಆಗವಲ್ದು."

"ಎಪ್ಪಾ, ನನ್ನ ಗಂಡ ಅಲ್ಲಿ..."

"ನೋಡೀನಿ. ಮೊದಲ ಇದನ್ನ ತಗಿ. ಆಮ್ಯಾಲ ಅಂವನ್ನ ಜೀಪಿನ್ಯಾಗ ಹಾಕಿ ಜತ್ತದ ದವಾಖಾನಿಗಿ ಕಳಸ್ತೀನಿ."

ಜೀಪು ಅಲ್ಲೇ ನಿಂತಿತ್ತು. ಶೇತಕಿ ಸಾಹೇಬನದು. ರುಕ್ಮವ್ವ ಜೀಪನ್ನು ನೋಡಿದಳು. ಜಾಲಿಯ ಮರವನ್ನು ನೋಡಿದಳು. ಇಮಾನದ ರೆಕ್ಕೆ ಹಿಡಿದು ಹತ್ತಿದಳು.

ಒಳಗೆ ಸೀಟಿನ ಮೇಲೆ, ಕಾಲಿಡುವಲ್ಲಿ, ಗುಂಡುಗುಂಡು ಗಡಿಯಾರಗಳ ಮೇಲೆ ಕಾರಿದ್ದ. ಅರೆದ ಮೊಟ್ಟೆ, ಬ್ರೆಡ್ಡು, ಹಾಲು. ಪಾಟೀಲನ ವಾಡೆಯಲ್ಲಿ ತಿಂದದ್ದು. ಬಿಸಿಲಿಗೆ ಹುಳಿಯಾಗಿ ನೊಣ ಕೂತಿದ್ದವು. ಅವಳಿಗೆ ಅರಿವೆ ಯಾರೂ ಕೊಡಲಿಲ್ಲ. ಎರಡೂ ಅಂಗೈಯಿಂದ ಬಾಚಿ ಹೊರಗೆ ಚೆಲ್ಲಿದಳು. ಸಂದಿಯಲ್ಲಿದ್ದದ್ದನ್ನು ಉಗುರಿನಿಂದ ಕೆರೆದಳು. ಉಳಿದದ್ದನ್ನು ಸೆರಗಿನಿಂದ ಒರೆಸಿದಳು. ಅದೇ ಸೆರಗು. ಗಂಡನ ಬಾಯಿ ಒರೆಸಿದ ಸೆರಗು. ಕೆಳಗೆ ಶೇತಕಿ ಸಾಹೇಬ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ.

"ಆ ಮೂಲ್ಯಾಗ ಇನ್ನೂ ಐತಿ ನೋಡ," ಎಂದ.

ಅವಳು ಮೂಲೆಯದನ್ನೂ ತೆಗೆದಳು. ಅಲ್ಲಿಂದ ಜಾಲಿಯ ನೆರಳು ಕಾಣುತ್ತಿತ್ತು. ಶಿದ್ರಾಯನ ಕಾಲುಗಳು ನೆಲ ಬಡಿಯತೊಡಗಿದ್ದವು. ಮೊದಲು ಮೆಲ್ಲಗೆ, ಆಮೇಲೆ ತಮಟೆ ಬಡಿದಂತೆ. ಅವಳು ಕೈ ಬೇಗಬೇಗ ಆಡಿಸಿದಳು. ಚೊಕ್ಕ ಮಾಡಿದಷ್ಟು ಲಗೂನ ಜೀಪು ಹೊರಡುತ್ತದೆ ಎಂದುಕೊಂಡಳು.

ಜೀಪು ಹೊರಟಿತು. ಮುಂದೆ ಪೈಲಟ, ಅವನ ಪಕ್ಕ ಸಾಹೇಬ. ಹಿಂದೆ ಮಿಸ್ತ್ರಿ, ಇಮಾನದಿಂದ ಬಿಚ್ಚಿದ ಬ್ಯಾಟರಿ, ಊಟದ ಡಬ್ಬಿ. ಬ್ಯಾಟರಿಗೆ ಜಾಗವಿತ್ತು. ರುಕ್ಮವ್ವ ಇಮಾನದಿಂದ ಜಿಗಿದು ಓಡಿ ಬಂದು ಜೀಪಿನ ಪಟ್ಟಿ ಹಿಡಿದಳು. ಪಾಟೀಲ ಅವಳ ಮಣಿಕಟ್ಟಿನ ಮೇಲೆ ಬಾರುಕೋಲಿನಿಂದ ಹೊಡೆದ. ಕೈ ಬಿಟ್ಟಿತು.

"ಎಪ್ಪಾ, ನೀವs ಹೇಳಿದ್ರಲ್ರಿ."

"ಸೀಟಿಗಿ ಎಣ್ಣಿ ಹತ್ತತೈತಿ. ಸರಕಾರಿ ಗಾಡಿ ಅದು. ಉಸ್ಮಾನಗ ಹೇಳ್ತೀನಿ, ಎತ್ತಿನ ಗಾಡಿ ಹೂಡ್ತಾನ."

ಅವನು ಉಸ್ಮಾನನಿಗೆ ಹೇಳಲಿಲ್ಲ. ಜತ್ತದ ಸಂತೆಗೆ ಉಳ್ಳಾಗಡ್ಡಿ ಒಯ್ಯುವ ಉಸ್ಮಾನನ ಮನೆ ಊರ ಹೊರಗಿತ್ತು. ರುಕ್ಮವ್ವನೇ ಗಂಡನನ್ನು ಬೆನ್ನಿಗೆ ಹಾಕಿಕೊಂಡು ಅಲ್ಲಿಗೆ ಹೋದಳು. ಉಸ್ಮಾನನ ಹೆಂಡತಿ ಕರೀಮಾ ಬಾಗಿಲಲ್ಲಿ ನೋಡಿದವಳೇ ಹರವಿಯ ನೀರನ್ನೆಲ್ಲ ತಂದು ಶಿದ್ರಾಯನ ಮೇಲೆ ಸುರಿದಳು. ಕುಡಿಯಲು ತೆಗೆದಿಟ್ಟದ್ದನ್ನೂ ಸುರಿದಳು. ಉಸ್ಮಾನ ಗಾಡಿಯಲ್ಲಿದ್ದ ಉಳ್ಳಾಗಡ್ಡಿ ನೆಲಕ್ಕೆ ಚೆಲ್ಲಿ ಎತ್ತು ಹೂಡಿದ.

"ಇಷ್ಟ ಹೊತ್ತು ಏನ ಮಾಡಾಕತ್ತಿದ್ದಿ ತಂಗಿ?" ಎಂದು ಅವನು ಕೇಳಿದ.

ರುಕ್ಮವ್ವ ತನ್ನ ಕೈಯನ್ನು ಸೀರೆಯೊಳಗೆ ಮುಚ್ಚಿಕೊಂಡಳು.

ಜತ್ತದ ಮನೆಗಳು ಕಾಣುವ ಮೊದಲೇ ಶಿದ್ರಾಯನ ಮೈ ಬಿಲ್ಲಿನಂತೆ ಬಾಗಿ, ಸಡಿಲಾಯಿತು. ಮತ್ತೆ ಬಾಗಲಿಲ್ಲ. ಅವರು ಹೋದ ದವಾಖಾನೆಯಲ್ಲಿ ಡಾಕ್ಟರ ಹೆಣದ ಬಾಯಿ ಮೂಸಿ ನೋಡಿದ.

"ಎಷ್ಟ ಕುಡದಾನ?"

"ಕುಡದಿಲ್ರಿ. ಸುರದಾರ."

"ಯಾರು?"

"ಮ್ಯಾಲಿಂದ್ರಿ."

ಕಂಪೌಂಡರ ನಕ್ಕ. "ಮ್ಯಾಲಿನವಾ ಮಳಿ ಸುರಿಸ್ತಾನ ಯವ್ವಾ, ಎಂಡ್ರಿನ್ ಸುರಿಸೂದಿಲ್ಲ. ಮನ್ಯಾಗ ಜಗಳಾ ಆಗಿತ್ತೇನ?"

ಒಳಗಿನ ಕೋಣೆಯಲ್ಲಿ ಪೈಲಟ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ. ಬಸಿಯಿಂದ ಸೊರ್ರೆಂದು ಹೀರುವ ಸದ್ದು ಹೊರಗೆ ಕೇಳುತ್ತಿತ್ತು.

ಮಣ್ಣು ಮಾಡುವ ಮುನ್ನ ಮೈ ತೊಳೆದ ಹೆಂಗಸರು ನಾತಕ್ಕೆ ಒಬ್ಬೊಬ್ಬರೇ ಹೊರಗೆ ಬಂದು ಓಕರಿಸಿದರು. ರುಕ್ಮವ್ವ ಓಕರಿಸಲಿಲ್ಲ. ಅವಳಿಗೆ ಗಂಡನ ಮೈಯ ನಾತ ಹೇಸಿಗೆಯಾಗಲಿಲ್ಲ. ತನ್ನ ಕೈಯದು ಆಯಿತು. ಬೂದಿ, ಸೀಗೆಕಾಯಿ, ಮರಳು, ಎಲ್ಲ ಹಚ್ಚಿ ತಿಕ್ಕಿದಳು. ಹುಳಿತ ಮೊಟ್ಟೆಯ ಆ ವಾಸನೆ ಉಗುರಿನ ಬುಡದಲ್ಲಿ ಕೂತಿತ್ತು. ತುತ್ತನ್ನು ಬಾಯಿಯ ಹತ್ತಿರ ತಂದು ಕೆಳಗಿಡುತ್ತಿದ್ದಳು. ಒಬ್ಬನ ವಾಂತಿ ಬಳಿಯಲೆಂದು ಇನ್ನೊಬ್ಬನನ್ನು ಸಾಯಲು ಬಿಟ್ಟೆನಲ್ಲ ಎಂದು ಅವಳು ಯಾರ ಮುಂದೂ ಆಡಲಿಲ್ಲ. ಆಡಿದ್ದರೆ, ನಿನ್ನ ತಪ್ಪಲ್ಲ ಎನ್ನುತ್ತಿದ್ದರು. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಕೈ ಚೊಕ್ಕವಾಗಲಿಲ್ಲ.

ಮೂರನೆಯ ದಿನ ಅಮಸಿದ್ದ ಕೇರಿಯ ಅಂಚಿಗೆ ಬಂದು ನಿಂತ. ಇಮಾನ ಒಯ್ಯಲು ಲಾರಿ ಬಂದಿದೆ. ಕೇರಿಯವರು ಹಗ್ಗ ತರಬೇಕು. ಎಣ್ಣೆ ಬಿದ್ದ ಬದುವಿನ ಹುಲ್ಲು ಮೇದು ಪಾಟೀಲನ ಎರಡು ಎತ್ತು ಸತ್ತಿವೆ. ಅವನ್ನೂ ಎಳೆದು ಒಗೆಯಬೇಕು. ಹೇಳುವಷ್ಟು ಹೇಳಿ, ರುಕ್ಮವ್ವನ ಗುಡಿಸಲ ಕಡೆ ನೋಡದೆ ಹೋದ.

ಕೇರಿಯ ಹಿರಿಯ ಲಗಮಣ್ಣ ಹಗ್ಗ ಬಿಚ್ಚಿ ಸುರುಳಿ ಮಾಡತೊಡಗಿದ. "ಹೋಗೂದs ನಡೀರಿ," ಎಂದ. "ಇಲ್ಲೇ ಇರಾವ್ರು ನಾವು. ಅವನ ಹೊಲಾ ಬಿಟ್ಟ ಎಲ್ಲಿ ಕೂಲಿ ಐತಿ?" ಎಲ್ಲರೂ ಎದ್ದು ಅವನ ಹಿಂದೆ ಹೊರಟರು. ರುಕ್ಮವ್ವ ಅವರೆಲ್ಲರ ಹಿಂದೆ ಹೊರಟಳು. ಹೆಂಗಸರು ಬರುವುದು ಬೇಡ ಎಂದರು. ಅವಳು ಕೇಳಲಿಲ್ಲ.

ಪಾಳು ಹೊಲದಲ್ಲಿ ಎಲ್ಲರೂ ಇದ್ದರು. ಪಾಟೀಲ, ಮಕ್ಕಳು, ಸಾಹೇಬ, ಮಿಸ್ತ್ರಿ. ಪೈಲಟನೂ ಬಂದಿದ್ದ. ಹುಬ್ಬಿನ ಮೇಲೆ ಬಿಳಿಯ ಪಟ್ಟಿ. ಆಚೆ ಬದುವಿನಲ್ಲಿ ಎತ್ತುಗಳು ಹೊಟ್ಟೆ ಉಬ್ಬಿ, ಕಾಲು ಸೆಟೆದು ಬಿದ್ದಿದ್ದವು.

"ಮೊದಲ ಇಮಾನ ಎಳೀರಿ. ಆಮ್ಯಾಲ ಎತ್ತ," ಎಂದ ಪಾಟೀಲ.

ಲಗಮಣ್ಣ ಹಗ್ಗವನ್ನು ನೆಲಕ್ಕೆ ಬಿಚ್ಚಿ ಹಾಸಿದ. ಗಂಡಸರು ಬಗ್ಗಿದರು. ರುಕ್ಮವ್ವ ಬಂದು ಹಗ್ಗದ ಮೇಲೆ ಕಾಲಿಟ್ಟು ನಿಂತಳು.

"ಎಳಿಯಂಗಿಲ್ಲ," ಎಂದಳು.

"ಏನಂದಿ?"

"ಇಮಾನ ಎಳಿಯಂಗಿಲ್ಲ. ಎತ್ತೂ ಎಳಿಯಂಗಿಲ್ಲ. ನಿಮ್ಮವು ಅವು. ನೀವs ಎಳೀರಿ."

ಪಾಟೀಲ ಅವಳತ್ತ ನೋಡಲಿಲ್ಲ. ಲಗಮಣ್ಣನತ್ತ ನೋಡಿದ. "ಲಗಮ್ಯಾ, ಇಕಿಗಿ ಗಂಡ ಸತ್ತು ತಲಿ ಕೆಟ್ಟೈತಿ. ಆಚಿಗಿ ಎಳಿ."

ಲಗಮಣ್ಣ ಅಲ್ಲಾಡಲಿಲ್ಲ. ಬಗ್ಗಿದವನು ಬಗ್ಗಿಯೇ ಇದ್ದ.

"ನಾಳಿಂದ ನೀರ ಹೆಂಗ ಕುಡೀತಿ ನೋಡ್ತೀನಿ," ಎಂದ ಪಾಟೀಲ ಅವಳಿಗೆ.

"ನಾಳಿಂದ ಯಾಕ್ರಿ? ಅವತ್ತs ನೋಡೀರಲ್ಲ."

ಪೈಲಟನಿಗೆ ಕನ್ನಡ ಬಾರದು. ಏನಾಯಿತೆಂದು ಸಾಹೇಬನನ್ನು ಮರಾಠಿಯಲ್ಲಿ ಕೇಳಿದ. ಸಾಹೇಬ ಕೈ ಒದರಿ, "ದೋರ ನಾಹೀ ಮ್ಹಣತಾತ," ಎಂದ. ಇವರ ಹತ್ತಿರ ಹಗ್ಗ ಇಲ್ಲವಂತೆ.

ಜತ್ತದ ಸಂತೆಯಲ್ಲಿ ಸೌದೆ ಮಾರಿದ ರುಕ್ಮವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. ಅವಳು ಸಾಹೇಬನನ್ನು ಬಿಟ್ಟು ನೇರ ಪೈಲಟನಿಗೇ ಹೇಳಿದಳು.

"ದೋರ ಹಾಯ್. ಓಢಣಾರ ನಾಹೀ."

ಹಗ್ಗ ಇದೆ. ಎಳೆಯುವುದಿಲ್ಲ.

ಪೈಲಟ ಆಗ ಮೊದಲ ಸಲ ಅವಳನ್ನು ನೋಡಿದ. ನೀನು ಯಾರು ಎಂದು ಕೇಳಿದ. ಶಿದ್ರಾಯನ ಹೆಂಡತಿ ಎಂದಳು. ಯಾವ ಶಿದ್ರಾಯ ಎಂದ. ಅವನು ಸೋಗು ಹಾಕುತ್ತಿರಲಿಲ್ಲ. ಅವನಿಗೆ ಯಾರೂ ಹೇಳಿರಲೇ ಇಲ್ಲ. ನಿಶಾನೆ ಹಿಡಿದು ನಿಂತವನು, ನೀವು ಟಾಕಿ ಬಿಚ್ಚಿ ಸುರಿದದ್ದು ಅವನ ಮೇಲೆ, ಅದೇ ದಿನ ಸತ್ತ, ಎಂದು ಅವಳು ಹರಕುಮುರುಕು ಮರಾಠಿಯಲ್ಲಿ ಹೇಳಿದಳು. ಪೈಲಟ ಸಾಹೇಬನ ಕಡೆ ತಿರುಗಿದ. ಸಾಹೇಬ ಕೈಗಡಿಯಾರ ನೋಡಿಕೊಂಡ.

ಇಂಜಿನು ನಿಂತರೆ ಟಾಕಿ ಖಾಲಿ ಮಾಡಲೇಬೇಕು, ಅದು ನಿಯಮ ಎಂದ ಪೈಲಟ. ಆಮೇಲೆ ದನಿ ತಗ್ಗಿಸಿ, ನನಗೆ ನಿಶಾನೆ ಅಷ್ಟೇ ಕಂಡಿತು ಎಂದ.

ರುಕ್ಮವ್ವನಿಗೆ ಮರಾಠಿ ಸಾಲದಾಯಿತು. ಕನ್ನಡದಲ್ಲೇ ಹೇಳಿದಳು.

"ನಿಶಾನಿ ತಾನs ನಿಂತಿತ್ತೇನ್ರಿ?"

ಅದನ್ನು ಅವನಿಗೆ ಮರಾಠಿಯಲ್ಲಿ ಯಾರೂ ಹೇಳಲಿಲ್ಲ. ಅವನು ಲಾರಿಯ ಹಿಂದೆ ಹೋಗಿ ನಿಂತ. ಕಡ್ಡಿ ಗೀರಿದ. ಹತ್ತಲಿಲ್ಲ. ಮತ್ತೆ ಗೀರಿದ.

ಪಾಟೀಲ ಬಾರುಕೋಲು ಎತ್ತಿದ. ರುಕ್ಮವ್ವ ಕಾಲು ತೆಗೆಯಲಿಲ್ಲ. ಹೊಡೆತ ಹೆಗಲಿಗೆ ಬಿತ್ತು. ಎರಡನೆಯದು ಕೊರಳಿಗೆ. ಮೂರನೆಯದಕ್ಕೆ ಎತ್ತಿದ ಕೋಲಿನ ತುದಿಯನ್ನು ಲಗಮಣ್ಣ ಹಿಡಿದ. ಕಿತ್ತುಕೊಳ್ಳಲಿಲ್ಲ. ಬೈಯಲಿಲ್ಲ. ಸುಮ್ಮನೆ ಹಿಡಿದುಕೊಂಡ. ಅವನ ಹಿಂದೆ ಬಗ್ಗಿದ್ದವರೆಲ್ಲ ನೆಟ್ಟಗಾದರು.

"ಸಾಕ್ರಿ," ಎಂದ ಲಗಮಣ್ಣ. "ಹಗ್ಗ ಸುತ್ತಬೇ ರುಕ್ಮವ್ವಾ. ಹೋಗೂಣು."

ಅವಳು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಪೆಟ್ಟು ಬಿದ್ದ ಹೆಗಲಿಗೇ. ಅವರು ಹೊರಟುಹೋದರು.

ಲಾರಿ ಆ ದಿನ ಖಾಲಿ ಹೋಯಿತು. ಮುಂದೆ ಯಾವಾಗಲೋ ಪುಣೆಯಿಂದ ಜನ ಬಂದು ಇಮಾನವನ್ನು ತುಂಡು ಮಾಡಿ ಒಯ್ದರು. ಕೇರಿಗೆ ಊರಿನ ಗಿರಣಿಯಲ್ಲಿ ಹಿಟ್ಟು ಬೀಸುವುದು ನಿಂತಿತು. ಅಂಗಡಿಯಲ್ಲಿ ಉಪ್ಪು ನಿಂತಿತು. ಪಾಟೀಲ ಬಾವಿಯ ದಾರಿಗೆ ಜಾಲಿಮುಳ್ಳು ಬಡಿಸಿದ. ಹೆಂಗಸರು ಹಳ್ಳದ ಮರಳಿನಲ್ಲಿ ವರ್ತಿಯ ಗುಂಡಿ ತೋಡಿ ಚಿಪ್ಪಿನಿಂದ ನೀರು ತುಂಬಿದರು. ಗಂಡಸರು ಶೇಗಾಂವದ ಕಡೆ ಕಲ್ಲು ಒಡೆಯಲು ಹೋದರು. ಉಸ್ಮಾನ ಗಾಡಿಯಲ್ಲಿ ಉಳ್ಳಾಗಡ್ಡಿಯ ಕೆಳಗೆ ಹಿಟ್ಟು ತಂದ. ಅದು ತಿಳಿದು ಅವನ ಗಾಡಿಯ ಗಾಲಿ ಮುರಿದರು. ಕೆಲವರು ರುಕ್ಮವ್ವನನ್ನು ಬೈದರು. ಎದುರಿಗೇ ಬೈದರು. ಅವಳು ಕೇಳಿಸಿಕೊಂಡಳು. ಆದರೆ ಹಗ್ಗ ಹಿಡಿದು ಯಾರೂ ಹೋಗಲಿಲ್ಲ.

ಎತ್ತುಗಳು ಬದುವಿನಲ್ಲೇ ಬಿದ್ದಿದ್ದವು. ಬಿಸಿಲಿಗೆ ಹೊಟ್ಟೆ ಡೋಲಿನಂತಾಯಿತು. ಗಾಳಿ ವಾಡೆಯ ಕಡೆಗಿತ್ತು. ಪಾಟೀಲನ ಸೊಸೆಯಂದಿರು ಉಣ್ಣಲಾರದೆ ತವರಿಗೆ ಹೋದರು. ಕುರುಬರಿಗೆ ಹೇಳಿ ಕಳಿಸಿದ. ಅದು ನಮ್ಮ ಕೆಲಸವಲ್ಲ ಎಂದರು. ಆಳುಗಳಿಗೆ ಹೇಳಿದ. ಅಮಸಿದ್ದ ಮೊದಲುಗೊಂಡು ಎಲ್ಲರೂ ನೆಲ ನೋಡಿದರು. ಕೊನೆಗೆ ಪಾಟೀಲನ ಮಕ್ಕಳೇ ಮೂಗಿಗೆ ಅರಿವೆ ಕಟ್ಟಿಕೊಂಡು, ಸತ್ತ ಎತ್ತಿನ ಕಾಲಿಗೆ ಬಾವಿಯ ಹಗ್ಗ ಬಿಗಿದು ಎಳೆದರು. ಎಳೆದು ಗೊತ್ತಿಲ್ಲದ ಕೈ. ಕೇರಿಯ ಮುಂದೆ ಬರುವಾಗ ಒಂದರ ಹೊಟ್ಟೆ ಒಡೆಯಿತು. ಹಿರಿಯ ಮಗನ ಮೊಣಕಾಲಿನವರೆಗೆ ಸಿಡಿಯಿತು. ಅವನು ಅಲ್ಲೇ ಕೂತು ಕಾರಿಕೊಂಡ. ತಲೆ ಎತ್ತಿ, ಬಳಿಯುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ.

ರುಕ್ಮವ್ವ ಗುಡಿಸಲ ಮುಂದೆ ಕೂತಿದ್ದಳು. ಅವಳ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಅವಳು ಎದ್ದು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು.